ನಲ್ಲಿ ಕೊಳ್ಳುವ ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ

ಬಿಸಿ, ತಣ್ಣೀರು ಎರಡನ್ನೂ ಒಂದೇ ಮೂತಿಯಲ್ಲಿ ಬೆರೆಸಿ ಕೊಡುವ ಹೊಸ ಮಿಕ್ಸರ್ ನಲ್ಲಿಯನ್ನು ಸಿಂಕಿಗೆ ಹಾಕಿಕೊಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, ಟ್ಯಾಂಕು ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ಅಂತ. ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ: "ಸಾವಿರ ಲೀಟರಿಂದು, ಯಾವಾಗ್ಲೂ ತುಂಬಿರುತ್ತೆ." ನಾನು ಕೇಳಿದ್ದು ಎತ್ತರ, ಅವರು ಹೇಳುವುದು ಲೀಟರು. ಅಷ್ಟು ಹೊತ್ತಿಗೆ ನಲ್ಲಿಯ ಡಬ್ಬವೂ ಮನೆಗೆ ಬಂದು, ಬಿಲ್ಲೂ ಆಗಿರುತ್ತದೆ.

ಇದೊಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಪಂಪಿಲ್ಲದೆ ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರಿನ ಒತ್ತಡ ಟ್ಯಾಂಕಿನ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ (ಬಾರ್ ಎಂದರೆ ಒತ್ತಡದ ಅಳತೆ). 3 ಮೀಟರ್ ಇದ್ದರೆ 0.3 ಬಾರ್, ಅಷ್ಟೇ. ಅದೇ ಎತ್ತರದಲ್ಲಿ 500 ಲೀಟರಿನ ಟ್ಯಾಂಕ್ ಇಡಿ, 2000 ಲೀಟರಿನದು ಇಡಿ, ಒತ್ತಡ ಅದೇ. ದೊಡ್ಡ ಟ್ಯಾಂಕು ಹೆಚ್ಚು ಹೊತ್ತು ನೀರು ಕೊಡುತ್ತದೆ, ಹೆಚ್ಚು ಜೋರಾಗಿ ಕೊಡುವುದಿಲ್ಲ. ದಪ್ಪ ಪೈಪು ಹಾಕಿಸಿದರೆ ದಾರಿಯಲ್ಲಿ ಕಳೆದುಹೋಗುವ ಒತ್ತಡ ಕಡಿಮೆಯಾಗುತ್ತದೆ, ಅದು ನಿಜ. ಆದರೆ ಇಲ್ಲದ ಒತ್ತಡವನ್ನು ಯಾವ ಪೈಪೂ ತಂದುಕೊಡಲಾರದು.

ಇನ್ನು ನಲ್ಲಿಯ ಕಡೆ ನೋಡಿ. ಒಂದೇ ಹಿಡಿಯ ಮಿಕ್ಸರಿನ ಒಳಗೆ ನೀರನ್ನು ಬಿಟ್ಟು ನಿಲ್ಲಿಸುವ, ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ, ನೀರು ಅದರ ಸಣ್ಣ ಕಿಂಡಿಗಳಲ್ಲಿ ತೂರಿ ಬರಬೇಕು. ಕೆಳಗೆ ಜೋಡಿಸುವ ಬ್ರೇಡೆಡ್ (ಮೇಲೆ ತಂತಿ ಹೆಣೆದ) ಪೈಪು ಹೊರಗಿನಿಂದ ದಪ್ಪ ಕಂಡರೂ ಒಳರಂಧ್ರ ಕಿರುಬೆರಳಿಗಿಂತ ಸಣ್ಣದು. ಮೂತಿ ಎಳೆದು ತೊಳೆಯುವ ಮಾದರಿಯಾದರೆ ಒಳಗೆ ಇನ್ನೊಂದು ಉದ್ದನೆಯ ಸಪೂರ ಪೈಪು. ಕೊನೆಗೆ ಬಾಯಲ್ಲಿ ಜಾಲರಿ. ಇಷ್ಟನ್ನೂ ದಾಟಲು ಎಷ್ಟೋ ಮಾದರಿಗಳಿಗೆ ಕನಿಷ್ಠ 0.5 ಬಾರ್ ಬೇಕು, ಕೆಲವಕ್ಕೆ 1 ಬಾರ್. ಇದನ್ನು ಡಬ್ಬದ ಮೇಲೋ ಒಳಗಿನ ಚೀಟಿಯಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಗಡಿಯಲ್ಲಿ ನಿಂತೇ ಅದನ್ನು ಓದಿ. ಬರೆದಿಲ್ಲವಾದರೆ ಕೇಳಿ. ಅಂಗಡಿಯವರಿಗೂ ಗೊತ್ತಿಲ್ಲವಾದರೆ ಆ ನಲ್ಲಿ ಬೇಡ ಎನ್ನುವುದೇ ನನ್ನ ಸಲಹೆ.

ಒಂದು ಐದಂತಸ್ತಿನ ಕಟ್ಟಡ. ನೆಲಮಹಡಿಯಲ್ಲಿ ಅಕ್ಕ, ಮೇಲ್ಮಹಡಿಯಲ್ಲಿ ತಂಗಿ. ಇಬ್ಬರೂ ಒಟ್ಟಿಗೆ ಹೋಗಿ ಒಂದೇ ಮಾದರಿಯ, ಮೂತಿ ಎಳೆಯುವ ನಲ್ಲಿ ತಂದಿದ್ದರು. ಒಂದೇ ದಿನ ಎರಡೂ ಕಡೆ ಜೋಡಿಸಿದೆ. ಕೆಳಗೆ ನೀರು ಭೋರ್ ಅಂತ ಬಂತು. ಮೇಲೆ ದಾರದಂತೆ ಇಳಿಯಿತು. "ಅಣ್ಣಾ, ನಮ್ದು ಸರಿಯಾಗಿ ಹಾಕಿಲ್ಲ ನೀವು," ಎಂದರು ತಂಗಿ, ಸಿಂಕಿನ ಅಂಚು ಹಿಡಿದುಕೊಂಡು. ಅವರ ಬೇಜಾರು ನನಗೆ ಅರ್ಥವಾಯಿತು, ಆಸೆಪಟ್ಟು ತಂದದ್ದು. 10 ಲೀಟರಿನ ಬಕೆಟ್ ತರಿಸಿ ಫೋನಿನಲ್ಲಿ ಗಡಿಯಾರ ಹಚ್ಚಿದೆ. ತುಂಬಲು 3 ನಿಮಿಷವೇ ಬೇಕಾಯಿತು. ಅದೇ ಬಕೆಟ್ ಕೆಳಗೊಯ್ದರೆ 1 ನಿಮಿಷ 10 ಸೆಕೆಂಡಿಗೆ ತುಂಬಿತು. ಆಮೇಲೆ ತಂಗಿಯವರನ್ನು ತಾರಸಿಗೆ ಕರೆದುಕೊಂಡು ಹೋಗಿ ಟೇಪು ಹಿಡಿಸಿದೆ. ಟ್ಯಾಂಕಿನ ನೀರು ಅವರ ನಲ್ಲಿಗಿಂತ 2 ಮೀಟರ್ ಮೇಲೆ, ಅಕ್ಕನ ನಲ್ಲಿಗಿಂತ 14 ಮೀಟರ್ ಮೇಲೆ. ಟ್ಯಾಂಕಿಗೆ ಹತ್ತಿರ ಇದ್ದೀವಿ, ನಮಗೇ ನೀರು ಚೆನ್ನಾಗಿ ಬರಬೇಕು ಎಂದು ಅವರು ಅಂದುಕೊಂಡಿದ್ದರು. ಮೇಲ್ಮಹಡಿಯವರಲ್ಲಿ ಹಲವರು ಹೀಗೇ ಅಂದುಕೊಳ್ಳುತ್ತಾರೆ.

ನೀವೂ ಅಳೆಯಿರಿ. ಟ್ಯಾಂಕಿನ ತಳದಿಂದ ಲೆಕ್ಕ ಹಾಕಿ, ಏಕೆಂದರೆ ನೀರು ಇಳಿದಂತೆ ಒತ್ತಡವೂ ಇಳಿಯುತ್ತದೆ. ಹಳೆಯ ನಲ್ಲಿಯಲ್ಲಿ ಬಿಸಿ, ತಣ್ಣೀರು ಎರಡಕ್ಕೂ ಬೇರೆಬೇರೆಯಾಗಿ ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ನೋಡಿ.

ಒತ್ತಡ ಕಡಿಮೆ ಇದ್ದರೆ ಕಡಿಮೆ ಒತ್ತಡಕ್ಕೆಂದೇ ಮಾಡಿದ, ಎರಡು ಹಿಡಿಯ, ಒಳದಾರಿ ಅಗಲವಿರುವ ನಲ್ಲಿ ತೆಗೆದುಕೊಳ್ಳಿ. ಪಂಪ್ ಹಾಕಿಸುತ್ತೇವೆ ಎನ್ನುವವರು ಬಿಸಿ, ತಣ್ಣೀರು ಎರಡೂ ಅದರ ಮೂಲಕವೇ ಬರುವಂತೆ ಮಾಡಿಸಬೇಕು. ತಣ್ಣೀರಿನ ಪೈಪಿಗೆ ಮಾತ್ರ ಪಂಪ್ ಹಾಕಿದರೆ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ನಿಮ್ಮ ಗೀಸರ್ ಎಷ್ಟು ಒತ್ತಡ ತಡೆಯುತ್ತದೆ ಎಂಬುದನ್ನು ಅದರ ಮೇಲಿನ ಪಟ್ಟಿಯಲ್ಲಿ ನೋಡದೆ ಪಂಪಿಗೆ ಕೈಹಾಕಬೇಡಿ. ಈ ವಿಷಯದಲ್ಲಿ ನಾನು ಮನೆ ನೋಡದೆ ಯಾರಿಗೂ ಹೂಂ ಅನ್ನುವುದಿಲ್ಲ.

ಉಳಿದದ್ದು ಚಿಕ್ಕದು. ಮೂತಿಯ ನೀರು ಸಿಂಕಿನ ತೂತಿನ ಹತ್ತಿರ ಬೀಳಬೇಕು. ತೆಳು ಸ್ಟೀಲಿನ ಸಿಂಕಾದರೆ ಅಡಿಯಲ್ಲಿ ಗಟ್ಟಿ ಪಟ್ಟಿ ಕೊಡಿ, ಇಲ್ಲವಾದರೆ ಎತ್ತರದ ನಲ್ಲಿ ಅಲ್ಲಾಡುತ್ತದೆ. ಹಳೆಯ ಬ್ರೇಡೆಡ್ ಪೈಪುಗಳನ್ನು ಉಳಿಸಿಕೊಳ್ಳಬೇಡಿ. ರಬ್ಬರ್ ವಾಷರ್ ಇರುವ ಕಡೆ ಟೆಫ್ಲಾನ್ ಟೇಪ್ ಬೇಡ, ಕೈಯಿಂದ ಬಿಗಿ ಮಾಡಿ ಸ್ಪಾನರಿನಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು. ಹೆಚ್ಚು ಬಿಗಿದರೆ ವಾಷರ್ ಸೀಳುತ್ತದೆ.

ಒಂದನ್ನು ಮಾತ್ರ ಬಿಡಲೇಬೇಡಿ. ಹೊಸ ನಲ್ಲಿ ಸೇರಿಸುವ ಮೊದಲು ಆಂಗಲ್ ಕಾಕ್ (ಸಿಂಕಿನ ಕೆಳಗೆ ನೀರು ಬಿಟ್ಟು ನಿಲ್ಲಿಸುವ ಸಣ್ಣ ಕಾಕ್) ತೆರೆದು, ಎರಡೂ ಪೈಪಿನ ನೀರನ್ನು ಸ್ವಲ್ಪ ಹೊತ್ತು ಬಕೆಟ್ಟಿಗೆ ಬಿಡಿ. ಬಿಸಿನೀರಿನದನ್ನು ಗೀಸರ್ ಆರಿಸಿ, ತಣ್ಣಗಾದ ಮೇಲೆ ಬಿಡಬೇಕು. ಬಕೆಟ್ಟಿನ ತಳದಲ್ಲಿ ಮರಳು, ಕಂದು ತುಕ್ಕಿನ ಚಕ್ಕೆ, ಹಳೆ ಟೇಪಿನ ಬಿಳಿ ಎಳೆ ಕೂತಿರುವುದು ಕಾಣುತ್ತದೆ. ಅದರಲ್ಲಿ ಒಂದು ಕಣ ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕಿಕೊಂಡರೂ ಗೀರು ಬಿದ್ದು ಹೊಸ ನಲ್ಲಿ ತೊಟ್ಟಿಕ್ಕಲು ಶುರುವಾಗಬಹುದು.

ತಂಗಿಯವರ ಮನೆಗೆ ಆಮೇಲೆ ಎರಡು ಹಿಡಿಯ ಸಾದಾ ನಲ್ಲಿ ಬಂತು. ಬಕೆಟ್ಟು 1 ನಿಮಿಷ 40 ಸೆಕೆಂಡಿಗೆ ತುಂಬಿತು. ಸಿಂಕಿನ ಕೆಳಗೆ ಕೀಲುಗಳನ್ನೆಲ್ಲ ಒರೆಸಿ, ಅಡಿಯಲ್ಲಿ ಹಳೆ ಪತ್ರಿಕೆ ಹಾಸಿ, ಬೆಳಗ್ಗೆ ನೋಡಿ ಹೇಳಿ ಎಂದು ಬಂದಿದ್ದೆ. ಹನಿ ನೀರು ಸೋರಿದರೂ ಕಾಗದದ ಮೇಲೆ ಕಲೆ ಕಾಣುತ್ತದೆ. ಏಳು ಗಂಟೆಗೇ ಫೋನ್ ಬಂತು: "ಅಣ್ಣಾ, ಪೇಪರ್ ಒಣಗೇ ಇದೆ."