ಕರೆಂಟು ಇದ್ದಾಗ ಮಾತ್ರ ಕೈಕೊಡುವ ಪ್ರೋಗ್ರಾಮು

ಬೆಂಗಳೂರಿನಲ್ಲಿ ಕರೆಂಟು ಹೋದರೆ ನಿಂತುಹೋಗುವ ಸಾಮಾನು ಮನೆ ತುಂಬ ಇವೆ. ಕರೆಂಟು ಹೋದಾಗ ನೆಟ್ಟಗೆ ನಡೆದು, ಬಂದ ಮೇಲೆ ಕೈಕೊಡುವಂಥದ್ದು ಅಪರೂಪ. ಬನಶಂಕರಿಯಲ್ಲಿರುವ ನಮ್ಮಕ್ಕನ ಮಗ ಅಂಥದ್ದೊಂದನ್ನು ಬರೆದಿದ್ದ. ಲ್ಯಾಪ್‌ಟಾಪು ಈ ಕ್ಷಣ ಎಷ್ಟು ವ್ಯಾಟ್ ತಿನ್ನುತ್ತಿದೆ, ಬ್ಯಾಟರಿ ಇನ್ನೆಷ್ಟು ಗಂಟೆ ಬಂದೀತು ಎಂದು ತೋರಿಸುವ ಪುಟ್ಟ ಸಿ ಪ್ರೋಗ್ರಾಮು. "ಕರೆಂಟ್ ಹೋದ್ರೆ ಚೆನ್ನಾಗೇ ಓಡುತ್ತೆ ಮಾಮ, ಬಂದು ಸ್ವಲ್ಪ ಹೊತ್ತಾದ್ಮೇಲೆ ಸತ್ತೋಗುತ್ತೆ" ಅನ್ನುವುದು ಅವನ ದೂರು.

ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು ಇಂಟೆಲ್ 2007ರಲ್ಲಿ ಬಿಡುಗಡೆ ಮಾಡಿದ ಪವರ್‌ಟಾಪ್. ಸುಮ್ಮನೆ ಮಲಗಬೇಕಾದ ಪ್ರೊಸೆಸರನ್ನು ಯಾವ ಪ್ರೋಗ್ರಾಮು ಪದೇ ಪದೇ ಎಬ್ಬಿಸುತ್ತಿದೆ ಎಂದು ಅದು ಪಟ್ಟಿ ಹಾಕಿ ತೋರಿಸಿತು. ನಮ್ಮ ಹುಡುಗನದು ಅಷ್ಟು ದೊಡ್ಡದಲ್ಲ, ನಿಜ ಹೇಳಬೇಕೆಂದರೆ ಅದು ಏನನ್ನೂ ಅಳೆಯುವುದೇ ಇಲ್ಲ. ಬ್ಯಾಟರಿಯೊಳಗಿನ ಚಿಪ್ಪು ಅಳೆಯುತ್ತದೆ, ಲ್ಯಾಪ್‌ಟಾಪಿನ ಫರ್ಮ್‌ವೇರು, ಅಂದರೆ ಯಂತ್ರದೊಳಗೇ ಕೂತಿರುವ ತಂತ್ರಾಂಶ, ಅದನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ದಾಟಿಸುತ್ತದೆ, ಲಿನಕ್ಸ್ ಕರ್ನಲ್ ಅದನ್ನು ಫೈಲುಗಳ ರೂಪದಲ್ಲಿ ಮುಂದಿಡುತ್ತದೆ. ಡಿಸ್ಕಿನಲ್ಲಿ ಎಲ್ಲೂ ಇಲ್ಲದ ಫೈಲುಗಳಿವು, ಓದಲು ಹೋದಾಗ ಅಂಕಿ ಹುಟ್ಟುತ್ತದೆ. 'ಎನರ್ಜಿ_ನೌ' ಎಂಬುದರಲ್ಲಿ ಉಳಿದಿರುವ ಶಕ್ತಿ ಮೈಕ್ರೋವ್ಯಾಟ್-ಗಂಟೆಗಳ ಲೆಕ್ಕದಲ್ಲಿ, 'ಪವರ್_ನೌ' ಎಂಬುದರಲ್ಲಿ ಸದ್ಯದ ಹರಿವು ಮೈಕ್ರೋವ್ಯಾಟ್‌ಗಳಲ್ಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಇನ್ನೆಷ್ಟು ಗಂಟೆ ಎಂಬುದು ಸಿಕ್ಕಿತು.

ಸಾಯುವಾಗ ಟರ್ಮಿನಲ್ ಮೇಲೆ 'ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್' ಎಂಬ ಸಾಲು ಬೀಳುತ್ತಿತ್ತು. ದಶಮಾಂಶದ ಲೆಕ್ಕದಲ್ಲಿ ಏನೋ ಎಡವಟ್ಟು ಎಂದುಕೊಂಡು ಹುಡುಗ ತಲೆ ಕೆಡಿಸಿಕೊಂಡಿದ್ದ. ಅವನ ಕೋಡಿನಲ್ಲಿ ದಶಮಾಂಶವೇ ಇರಲಿಲ್ಲ! ಯೂನಿಕ್ಸ್ ಕಾಲದಿಂದ ಬಂದ ಈ ಸಂದೇಶ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೂ ಕಾಣುವುದು ಇದೇ ಸಾಲು. ದಶಮಾಂಶ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಸಾಮಾನ್ಯವಾಗಿ ಪ್ರೋಗ್ರಾಮು ಸಾಯುವುದಿಲ್ಲ, ಅನಂತ ಎಂಬ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಆರ್ಮ್ 64 ಬಿಟ್ ಪ್ರೊಸೆಸರಿನ ಭಾಗಾಕಾರವಂತೂ ಪೂರ್ಣಾಂಕಕ್ಕೂ ತಕರಾರು ಮಾಡದೆ ಸೊನ್ನೆಯನ್ನೇ ಉತ್ತರವಾಗಿ ಕೊಟ್ಟುಬಿಡುತ್ತದೆ. ಹೀಗಾಗಿ ಅದೇ ಕೋಡು ಒಂದು ಯಂತ್ರದಲ್ಲಿ ಸತ್ತು, ಇನ್ನೊಂದರಲ್ಲಿ 'ಉಳಿದದ್ದು 0 ಗಂಟೆ' ಎಂದು ತೋರಿಸಬಹುದು.

ಕೋಡಿನ ತಪ್ಪು ಹುಡುಕಲು ನೆರವಾಗುವ ಜಿಡಿಬಿ ಡಿಬಗ್ಗರ್‌ನಲ್ಲಿ ಕೋರ್ ಡಂಪ್ ತೆರೆದೆವು. ಕೋರ್ ಡಂಪ್ ಅಂದರೆ ಪ್ರೋಗ್ರಾಮು ಪ್ರಾಣ ಬಿಟ್ಟ ಕ್ಷಣದ ಮೆಮೊರಿಯ ಪ್ರತಿ. ಭಾಗಾಕಾರದ ಸಾಲಿನಲ್ಲೇ ನಿಂತಿತ್ತು. ಮೇಲೆ 50000000, ಕೆಳಗೆ 0. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಅಡಾಪ್ಟರಿನ ವಿದ್ಯುತ್ತೇ ನೇರವಾಗಿ ಯಂತ್ರಕ್ಕೆ ಹೋಗುತ್ತದೆ, ಬ್ಯಾಟರಿಯೊಳಕ್ಕೂ ಹರಿವಿಲ್ಲ, ಹೊರಕ್ಕೂ ಇಲ್ಲ. ಸೊನ್ನೆ ಎಂಬ ಅಂಕಿ ಸರಿಯಾಗಿಯೇ ಇತ್ತು. ಕರೆಂಟು ಹೋದಾಗ ಬ್ಯಾಟರಿ ಖಾಲಿಯಾಗುತ್ತಿರುತ್ತದೆ, ಬಂದ ಮೇಲೆ ತುಂಬುತ್ತಿರುತ್ತದೆ, ಎರಡೂ ಹೊತ್ತಿನಲ್ಲಿ ಅಂಕಿ ಇರುತ್ತದೆ. ತುಂಬಿ ಮುಗಿದಾಗಲೇ ಸಾವು.

ಹುಡುಗ ಕೂಡಲೇ ಮದ್ದು ಹುಡುಕಿದ: ಸೊನ್ನೆ ಬಂದರೆ 1 ಎಂದುಕೋ. ಇದಕ್ಕಿಂತ ಕ್ರ್ಯಾಶೇ ವಾಸಿ. 50 ವ್ಯಾಟ್-ಗಂಟೆಯ ಬ್ಯಾಟರಿ 5 ಕೋಟಿ ಗಂಟೆ, ಅಂದರೆ 5,700 ವರ್ಷಕ್ಕೂ ಹೆಚ್ಚು ಬಾಳುತ್ತದೆ ಎಂದು ಪರದೆ ಹೇಳತೊಡಗುತ್ತದೆ.

ಎರಡನೆಯ ಕ್ರ್ಯಾಶು ಅವನ ಗೆಳೆಯ ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಇಲ್ಲಿ ಪ್ರೋಗ್ರಾಮು ಶುರುವಾದೊಡನೆ 'ಸೆಗ್ಮೆಂಟೇಶನ್ ಫಾಲ್ಟ್'. ಯಾವ ಫಂಕ್ಷನ್ನು ಯಾವುದನ್ನು ಕರೆಯಿತು ಎಂದು ತೋರಿಸುವ ಜಿಡಿಬಿಯ ಪಟ್ಟಿಯಲ್ಲಿ ಮೇಲೆ ಕಂಡದ್ದು ಸಿ ಲೈಬ್ರರಿಯ ಹೆಸರು, ಮೊದಲ ಸಂಶಯವೂ ಅದರ ಮೇಲೇ ಹೋಯಿತು. ಲಕ್ಷಾಂತರ ಯಂತ್ರಗಳಲ್ಲಿ ಹಗಲು ರಾತ್ರಿ ಓಡುವ ಲೈಬ್ರರಿಯನ್ನು ದೂರುವ ಮೊದಲು ಪಟ್ಟಿಯಲ್ಲಿ ಕೆಳಗಿಳಿದು ನಮ್ಮದೇ ಸಾಲು ಎಲ್ಲಿದೆ ಎಂದು ನೋಡುವುದು ಒಳ್ಳೆಯದು. ನೋಡಿದರೆ, ಆ ಯಂತ್ರದಲ್ಲಿ 'ಎನರ್ಜಿ_ನೌ' ಎಂಬ ಫೈಲೇ ಇಲ್ಲ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ 1996ರಲ್ಲಿ ಹೊರತಂದ ಎಸಿಪಿಐ ಎಂಬ ಮಾನದಂಡ ಬ್ಯಾಟರಿಯ ಲೆಕ್ಕವನ್ನು ವ್ಯಾಟ್‌ಗಳಲ್ಲಾದರೂ ಕೊಡಿ, ಆಂಪಿಯರ್‌ಗಳಲ್ಲಾದರೂ ಕೊಡಿ ಎನ್ನುತ್ತದೆ. ಆ ಲ್ಯಾಪ್‌ಟಾಪು ಆಂಪಿಯರ್ ಪಂಗಡದ್ದು, ಅದರಲ್ಲಿರುವುದು 'ಚಾರ್ಜ್_ನೌ'. ಅದನ್ನು ವೋಲ್ಟೇಜಿನಿಂದ ಗುಣಿಸಿಕೊಳ್ಳುವುದು ನಮ್ಮ ಕೆಲಸ. ಫೈಲು ತೆರೆಯಿತೇ ಎಂದು ಕೇಳದೆ ಓದಲು ಹೊರಟದ್ದಕ್ಕೆ ಪ್ರೋಗ್ರಾಮು ಇಲ್ಲದ ವಿಳಾಸಕ್ಕೆ ಕೈ ಹಾಕಿತ್ತು.

ಮೂರನೆಯ ಸಾಧ್ಯತೆಯೂ ಮಾನದಂಡದಲ್ಲೇ ಬರೆದಿದೆ. ಹರಿವು ಗೊತ್ತಿಲ್ಲದಿದ್ದರೆ ಫರ್ಮ್‌ವೇರು 32 ಬಿಟ್‌ಗಳನ್ನೂ 1 ಮಾಡಿ ಕಳಿಸಬಹುದು. ಆಗ ಫೈಲು ಇರುತ್ತದೆ, ತೆರೆಯುತ್ತದೆ, ಓದಲು ಹೋದರೆ ಮಾತ್ರ ಕರ್ನಲ್ ದೋಷ ಹಿಂತಿರುಗಿಸುತ್ತದೆ. ಸೊನ್ನೆ ಬೇರೆ, ಇಲ್ಲ ಎಂಬುದು ಬೇರೆ, ಗೊತ್ತಿಲ್ಲ ಎಂಬುದು ಬೇರೆ. ಮನೆಗೆ ಬೀಗ ಹಾಕಿದ್ದರೆ ಮೀಟರ್ ರೀಡರ್ 'ಡೋರ್ ಲಾಕ್' ಎಂದು ಬರೆದುಕೊಳ್ಳುತ್ತಾರೆಯೇ ಹೊರತು ಸೊನ್ನೆ ಯೂನಿಟ್ ಎಂದಲ್ಲ. ಹುಡುಗನ ಕೋಡಿನಲ್ಲಿ ಮೂರಕ್ಕೂ ಸೇರಿ ಇದ್ದದ್ದು ಒಂದೇ ಪೂರ್ಣಾಂಕ.

ಇದನ್ನೆಲ್ಲ ಪರೀಕ್ಷಿಸಲು ಮೂರು ಲ್ಯಾಪ್‌ಟಾಪು ಬೇಕಿಲ್ಲ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ಅದೇ ಹೆಸರಿನ ಸುಳ್ಳು ಫೈಲುಗಳನ್ನಿಟ್ಟು, ಪ್ರೋಗ್ರಾಮಿಗೆ ಅದರ ದಾರಿ ತೋರಿಸಿದರೆ ಸಾಕು. ಸೊನ್ನೆ ಬೇಕಾದರೆ ಸೊನ್ನೆ ಬರೆಯಿರಿ, ಇಲ್ಲದಿರಬೇಕಾದರೆ ಅಳಿಸಿ. ಓದುವಾಗ ದೋಷ ಬರಬೇಕಾದರೆ ನನಗಿಷ್ಟವಾದ ಉಪಾಯವೊಂದಿದೆ: 'ಪವರ್_ನೌ' ಎಂಬ ಹೆಸರಿನಲ್ಲಿ ಫೈಲಿನ ಬದಲು ಇನ್ನೊಂದು ಫೋಲ್ಡರ್ ಇಡುವುದು. ಲಿನಕ್ಸಿನಲ್ಲಿ ಸಿ ಪ್ರೋಗ್ರಾಮು ಅದನ್ನು ಓದಲೆಂದು ತೆರೆಯಬಲ್ಲದು, ಓದಲಾರದು.

ಹಾಗೆ ಮಾಡಿದಾಗ ಕ್ರ್ಯಾಶ್ ಆಗಲಿಲ್ಲ. ಪರದೆಯ ಮೇಲೆ 50 ವ್ಯಾಟ್, 1 ಗಂಟೆ ಎಂದು ಬಂತು. ನಂಬುವಂಥ ಅಂಕಿಯೇ. ಎನರ್ಜಿಯನ್ನು 20000000ಕ್ಕೆ ಇಳಿಸಿದೆವು: 20 ವ್ಯಾಟ್, 1 ಗಂಟೆ. ಎರಡೂ ಫೈಲುಗಳನ್ನು ಓದಲು ಅವನು ಬಳಸಿದ್ದು ಒಂದೇ ಬಫರ್, ಅಂದರೆ ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿಯ ಜಾಗ. ಎರಡನೆಯ ಓದು ಸೋತಾಗ ಮೊದಲನೆಯದರ ಅಂಕಿ ಅಲ್ಲೇ ಉಳಿದಿತ್ತು, ಅದನ್ನು ಅದರಿಂದಲೇ ಭಾಗಿಸಿದರೆ ಬ್ಯಾಟರಿ ಎಷ್ಟೇ ಇರಲಿ, ಉತ್ತರ ಯಾವತ್ತೂ ಒಂದೇ ಗಂಟೆ.