ಕೆರೆಯ ಬಾತುಗಳ ಊರು ಯಾವುದು?

ನವರಾತ್ರಿಯ ಹೊತ್ತಿಗೆ ಕರಾವಳಿಯಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಹಗಲಿಡೀ ಕಣ್ಣು ಕುಕ್ಕುವ ಬಿಸಿಲು, ಸಂಜೆಯಾದರೆ ಘಟ್ಟದ ಕಡೆಯಿಂದ ಗುಡುಗು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ, ಗದ್ದೆಗಳಲ್ಲಿ ಕಟಾವು ಶುರುವಾಗುವ ಈ ದಿನಗಳಲ್ಲಿ ಉಡುಪಿ, ಮಂಗಳೂರು ಸುತ್ತಿನ ಕೆರೆ, ಮದಗಗಳು ತುಂಬಿ ನಿಂತಿರುತ್ತವೆ. ಮಳೆಗಾಲದಲ್ಲಿ ಖಾಲಿ ಬಿದ್ದಂತಿದ್ದ ನೀರಿನ ಮೇಲೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬಾತುಗಳ ಹಿಂಡು ಕಾಣಿಸಿಕೊಳ್ಳುತ್ತದೆ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆದಾಡಲು ಬರುವವರಲ್ಲಿ ಒಬ್ಬರಾದರೂ ಇಂಥ ಹೊತ್ತಿನಲ್ಲಿ ನಿಂತು, "ಇವು ಸೈಬೀರಿಯಾದಿಂದ ಬರುವುದು ಮಾರಾಯ್ರೆ" ಎಂದು ಜೊತೆಗಿದ್ದವರಿಗೆ ಹೇಳುವುದನ್ನು ಕೇಳಿದ್ದೇನೆ.

ಅವು ಬಂದದ್ದು ಬಹುಪಾಲು ಪಕ್ಕದ ಬಯಲಿನಿಂದ. ಕಂದು ಮೈ, ಉದ್ದನೆಯ ಕತ್ತು, ಹಾರುವಾಗ ತುಸು ಗೂನುಬೆನ್ನು, ಹಿಂದಕ್ಕೆ ಚಾಚಿದ ಕಾಲು, ಜೊತೆಗೆ ಎಡೆಬಿಡದ ತೆಳು ಸಿಳ್ಳೆ: ಇಷ್ಟು ಕಂಡರೆ, ಕೇಳಿದರೆ ಅದು ಸಿಳ್ಳೆಬಾತು ಎಂದು ತಿಳಿಯಬಹುದು. ಪಾಕಿಸ್ತಾನದಿಂದ ಇಂಡೋನೇಷ್ಯಾದವರೆಗಿನ ಬಿಸಿ ನಾಡುಗಳೇ ಇದರ ನೆಲೆ. ಸೈಬೀರಿಯಾದ ಹಿಮವನ್ನು ಇದು ಎಂದೂ ಕಂಡದ್ದಿಲ್ಲ. ಇದರ ಕುಲಕ್ಕೆ ವಿಜ್ಞಾನಿಗಳು ಇಟ್ಟ ಡೆಂಡ್ರೊಸಿಗ್ನಾ ಎಂಬ ಹೆಸರಿನ ಅರ್ಥ 'ಮರದ ಹಂಸ'. ಮರದ ಪೊಟರೆಯಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಈ ಹೆಸರಿನ ಮೊದಲರ್ಧ ಚೆನ್ನಾಗಿ ಒಪ್ಪುತ್ತದೆ, ಹಂಸದ ಮಾತು ಮಾತ್ರ ಸ್ವಲ್ಪ ಅತಿಯಾಯಿತು. ಮಳೆಗಾಲ ಇವುಗಳ ಸಂತಾನಕಾಲ. ಆಗ ಬಯಲೆಲ್ಲ ನೀರಾಗಿರುವುದರಿಂದ ಜೋಡಿಗಳು ಗದ್ದೆ, ತೋಡು, ಹಡಿಲುಭೂಮಿ ಎಂದು ನಾಲ್ಕೂ ಕಡೆ ಚದುರಿ ಹೋಗುತ್ತವೆ. ಮಳೆ ಇಳಿದು ಗದ್ದೆಯ ನೀರು ಬತ್ತತೊಡಗಿದಂತೆ, ಚದುರಿದ್ದ ಸಂಸಾರಗಳು ಆ ವರ್ಷದ ಮರಿಗಳೊಂದಿಗೆ ಉಳಿದ ನೀರಿಗೆ ಬಂದು ಸೇರುತ್ತವೆ. ಶರದೃತುವಿನ ಹಿಂಡು ಎಂದರೆ ಬಹುಮಟ್ಟಿಗೆ ಇದೇ.

ಹಗಲಿನಲ್ಲಿ ಇವನ್ನು ನೋಡುವವರಿಗೆ ಬೇಸರವಾಗುವುದು ಸಹಜ, ಏಕೆಂದರೆ ಇವು ಹಗಲೆಲ್ಲ ನಿದ್ದೆ ಮಾಡುತ್ತವೆ. ಮೇಯುವುದು ಹೆಚ್ಚಾಗಿ ರಾತ್ರಿ. ಆದ್ದರಿಂದ ಸೂರ್ಯ ಮುಳುಗಿದ ಮೇಲೆ ಕಾಲು ಗಂಟೆ ಕೆರೆಯ ದಂಡೆಯಲ್ಲಿ ಸುಮ್ಮನೆ ಕುಳಿತಿರಬೇಕು. ಮೊದಲು ಒಂದೆರಡು ತಲೆಗಳು ಎತ್ತುತ್ತವೆ, ಒಂದು ಸಿಳ್ಳೆಗೆ ಇನ್ನೊಂದು ಸಿಳ್ಳೆ ಉತ್ತರಿಸುತ್ತದೆ, ಬಳಿಕ ಹಿಂಡು ಎದ್ದು ಕೆರೆಯ ಮೇಲೆ ಸುತ್ತು ಹಾಕಿ ಕೊಯ್ದ ಗದ್ದೆಗಳತ್ತ ಹೊರಡುತ್ತದೆ. ಕತ್ತಲಾದ ಮೇಲೂ ಮನೆಯ ಮಾಡಿನ ಮೇಲಿಂದ ಆ ಸಿಳ್ಳೆ ಹಾದುಹೋಗುವುದನ್ನು ನಮ್ಮೂರಿನ ಅನೇಕರು ಕೇಳಿದ್ದಾರೆ, ಹಕ್ಕಿ ಯಾವುದೆಂದು ಯೋಚಿಸಿರಲಿಕ್ಕಿಲ್ಲ.

ಹಾಗಾದರೆ ಪರದೇಶದವು ಬರುವುದೇ ಇಲ್ಲವೇ? ಬರುತ್ತವೆ, ಆದರೆ ಯಾರ ಕಣ್ಣಿಗೂ ಬೀಳದಂತೆ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೂ ಸೇರಿತು. ವಲಸೆ ಎಂದರೆ ಅಂಥ ದೃಶ್ಯವೇ ಎಂದುಕೊಂಡವರಿಗೆ ನಮ್ಮ ಮದಗಗಳ ವಲಸಿಗ ನಿರಾಸೆ ತರಬಹುದು. ಸಿಳ್ಳೆಬಾತುಗಳ ಹಿಂಡಿನ ಅಂಚಿನಲ್ಲಿ, ಅವುಗಳಿಗಿಂತ ತುಸು ಚಿಕ್ಕದಾದ, ಬೂದುಗಂದು ಬಣ್ಣದ, ಕೆನ್ನೆಯ ಮೇಲೆ ಮಾಸಲು ಗೆರೆಗಳಿರುವ ಒಂದೆರಡು ಬಾತುಗಳು ತೇಲುತ್ತಿದ್ದರೆ ದುರ್ಬೀನನ್ನು ಅಲ್ಲಿ ನಿಲ್ಲಿಸಬೇಕು. ಅದು ಗಾರ್ಗನಿ, ಅಂದರೆ ಬಿಳಿಹುಬ್ಬಿನ ಬಾತು, ಆಗಿರುವ ಸಾಧ್ಯತೆಯಿದೆ. ಸುಮಾರು 300ರಿಂದ 400 ಗ್ರಾಂ ತೂಗುವ ಈ ಹಕ್ಕಿ ಯುರೋಪಿನಿಂದ ಪೂರ್ವ ಏಷ್ಯಾದವರೆಗಿನ ಜೌಗುಗಳಲ್ಲಿ ಮರಿಮಾಡಿ, ಚಳಿಗೆ ಮುನ್ನ ಆ ನಾಡನ್ನು ಸಂಪೂರ್ಣವಾಗಿ ತೆರವು ಮಾಡಿ ಆಫ್ರಿಕಾಕ್ಕೂ ನಮ್ಮ ದೇಶಕ್ಕೂ ಬರುತ್ತದೆ.

ಹೆಸರು ಬಿಳಿಹುಬ್ಬು ಎಂದಿದ್ದರೂ ಅಕ್ಟೋಬರ್‌ನಲ್ಲಿ ಆ ಹುಬ್ಬು ಕಾಣುವುದಿಲ್ಲ. ಇದಕ್ಕೆ ಕಾರಣ ಬಾತುಗಳು ಗರಿ ಬದಲಿಸುವ ಕ್ರಮದಲ್ಲಿದೆ. ಕಾಗೆಯೋ ಗಿಡುಗವೋ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಉದುರಿಸಿ, ಹಾರುತ್ತಲೇ ಹೊಸತನ್ನು ಬೆಳೆಸಿಕೊಳ್ಳುತ್ತದೆ. ಬಾತಿಗೆ ಆ ಸೌಕರ್ಯವಿಲ್ಲ: ಮೈಭಾರ ಹೆಚ್ಚು, ರೆಕ್ಕೆ ಚಿಕ್ಕದು, ನಾಲ್ಕು ಗರಿ ಕಡಿಮೆಯಾದರೂ ಹಾರಾಟ ಕಷ್ಟ. ಹೀಗಾಗಿ ಸಂತಾನಕಾಲ ಮುಗಿದೊಡನೆ ಅದು ಹಾರುವ ಗರಿಗಳೆಲ್ಲವನ್ನೂ ಒಮ್ಮೆಗೇ ಉದುರಿಸಿ, ಮೂರು ನಾಲ್ಕು ವಾರ ನೆಲದ ಪ್ರಾಣಿಯಂತೆ ಜೊಂಡಿನ ನಡುವೆ ಅಡಗಿ ಬದುಕುತ್ತದೆ. ಓಡಿ ತಪ್ಪಿಸಿಕೊಳ್ಳಲಾಗದವನಿಗೆ ಝಗಮಗಿಸುವ ಬಟ್ಟೆ ಅಪಾಯವಲ್ಲವೇ? ಗಂಡು ಆ ಅವಧಿಗೆ ಮೈಬಣ್ಣವನ್ನೂ ಕಳಚಿ ಹೆಣ್ಣಿನಂತೆ ಮಂಕಾಗುತ್ತದೆ. ಈ ಅವಸ್ಥೆಗೆ ಗ್ರಹಣ ಎಂಬ ಅರ್ಥದ ಎಕ್ಲಿಪ್ಸ್ ಎಂಬ ಹೆಸರಿದೆ. ಹೆಚ್ಚಿನ ಜಾತಿಗಳಲ್ಲಿ ಗ್ರಹಣ ಶರತ್ಕಾಲದಲ್ಲೇ ಬಿಡತೊಡಗುತ್ತದೆ, ಗಾರ್ಗನಿಯಲ್ಲಿ ಮಾತ್ರ ಚಳಿಗಾಲದ ಬಹುಭಾಗ ಮುಂದುವರಿಯುತ್ತದೆ.

ಆದ್ದರಿಂದ ಈ ಋತುವಿನಲ್ಲಿ ಬಣ್ಣವನ್ನು ನಂಬುವವರು ಮೋಸಹೋಗುತ್ತಾರೆ. ನಂಬಬೇಕಾದದ್ದು ಆಕಾರವನ್ನು, ನಡವಳಿಕೆಯನ್ನು. ಕೊಕ್ಕಿನ ಉದ್ದ ಎಷ್ಟು, ಬಾಲ ನೀರಿಗಿಂತ ಮೇಲಿದೆಯೇ, ಮೇಯುವಾಗ ಮುಳುಗುತ್ತದೆಯೇ ಅಥವಾ ಬರೀ ಕತ್ತು ಚಾಚುತ್ತದೆಯೇ, ಏಳುವಾಗ ನೀರಿನಿಂದ ನೇರ ಚಿಮ್ಮುತ್ತದೆಯೇ ಅಥವಾ ಓಡಿ ಏರುತ್ತದೆಯೇ ಎಂಬುದನ್ನು ಗಮನಿಸಬೇಕು. ಗಾರ್ಗನಿ ನೇರ ಚಿಮ್ಮುತ್ತದೆ, ಆ ಕ್ಷಣದಲ್ಲಿ ರೆಕ್ಕೆಯ ಮುಂಭಾಗ ತಿಳಿ ನೀಲಿಬೂದಾಗಿ ಹೊಳೆದರೆ ಅದು ವೇಷ ಮರೆಸಿಕೊಂಡ ಗಂಡು. ಮೈ ಮಂಕಾದರೂ ರೆಕ್ಕೆಯ ಆ ಬಣ್ಣ ಉಳಿದಿರುತ್ತದೆ. ಓಡಿ ಏರುವ ಕಪ್ಪು ಹಕ್ಕಿಗೆ ಹಣೆಯಲ್ಲಿ ಬಿಳಿ ನಾಮವಿದ್ದರೆ ಅದು ನಾಮದಕೋಳಿ, ಬಾತೇ ಅಲ್ಲ. ನೋಡನೋಡುತ್ತಲೇ ಮುಳುಗಿ ಹತ್ತು ಮಾರು ಆಚೆ ಏಳುವ ಮುಷ್ಟಿಗಾತ್ರದ ಗುಳುಮುಳುಕವೂ ಬಾತಲ್ಲ, ಅದರ ಕಾಲಿನಲ್ಲಿ ಬಾತಿನ ಜಾಲಪಾದವಿಲ್ಲ, ಪ್ರತಿ ಬೆರಳಿಗೂ ಎಲೆಯಂಥ ಹಾಳೆಗಳಿವೆ.

ಯಾವ ಕೆರೆಯಲ್ಲಿ ಯಾವ ಹಕ್ಕಿ ಎಂಬುದನ್ನು ನಿರ್ಧರಿಸುವುದು ನೀರಿನ ವಿಸ್ತಾರಕ್ಕಿಂತ ಅದರ ತಳ. ಮುರಕಲ್ಲು ತೆಗೆದ ಹೊಂಡಗಳಲ್ಲಿ ಮಳೆನೀರು ತುಂಬಿದರೆ ನೋಡಲು ಚಂದದ ಕೆರೆಯೇ, ಆದರೆ ಅಂಚು ಗೋಡೆಯಂತೆ ಕಡಿದಾಗಿ ಆಳಕ್ಕಿಳಿಯುತ್ತದೆ. ಅಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ ಬದುಕುತ್ತದೆ, ಕತ್ತು ಚಾಚಿ ತಳದ ಬೀಜ, ಹುಳು ಹುಡುಕುವ ಬಾತಿಗೆ ಏನೂ ಎಟುಕುವುದಿಲ್ಲ. ಅದಕ್ಕೆ ಬೇಕಾದದ್ದು ಮೊಣಕಾಲುದ್ದದ ನೀರು, ಕೆಸರು, ಹುಲ್ಲು. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಾವು ಮೊದಲು ತೆಗೆದುಹಾಕುವುದು ಇದೇ ಕೆಸರಂಚನ್ನು. ಹೂಳೆತ್ತಿ, ಸುತ್ತ ಕಲ್ಲುಗೋಡೆ ಕಟ್ಟಿ, ಮೇಲೆ ನಡಿಗೆಪಥ ಹಾಸುತ್ತೇವೆ. ಹೂಳು ತೆಗೆಯುವುದು ತಪ್ಪೆಂದು ನಾನು ಹೇಳಲಾರೆ, ಬೇಸಗೆಯಲ್ಲಿ ಸುತ್ತಲಿನ ಬಾವಿಗಳಿಗೆ ಆ ನೀರು ಬೇಕು. ಆದರೆ ಒಂದು ಬದಿಯನ್ನಾದರೂ ಇಳಿಜಾರಾಗಿ, ಹುಲ್ಲಿನ ಸಮೇತ ಬಿಟ್ಟರೆ ಖರ್ಚು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಅಂಥ ಒಂದು ಬದಿ ಉಳಿದಿರುವ ಕೆರೆ ನಿಮ್ಮ ಸಮೀಪದಲ್ಲಿದ್ದರೆ ವಾರಕ್ಕೊಮ್ಮೆ ಅದೇ ಜಾಗದಲ್ಲಿ ಕುಳಿತು ನೋಡುವುದು ಒಳ್ಳೆಯದು. ಗಾರ್ಗನಿಗಳು ಅಲ್ಲಿ ತಂಗಿದ್ದರೆ, ಮಂಕು ಹಕ್ಕಿಗಳಲ್ಲೊಂದರ ಕಣ್ಣಿನ ಮೇಲೆ ಚಳಿಗಾಲದ ಕೊನೆಯ ಭಾಗದಲ್ಲಿ ಬಿಳಿ ಮೂಡುತ್ತ, ಕತ್ತಿನವರೆಗೆ ಬಾಗಿದ ಹುಬ್ಬಾಗಿ ಬೆಳೆಯುವುದು ಕಾಣಿಸುತ್ತದೆ. ಆ ಹುಬ್ಬು ಪೂರ್ತಿ ತಿದ್ದಿ ಮುಗಿಯುವ ಹೊತ್ತಿಗೆ ಅವು ಉತ್ತರಕ್ಕೆ ಹೊರಟಿರುತ್ತವೆ.