ಇಳಿದ ನೀರು, ಬೆಟ್ಟ ಹತ್ತಿದ ಕರೆಂಟು

ಡಾರ್ಜಿಲಿಂಗ್ ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿಂದ ಚಹಾ ತೋಟಗಳ ಇಳಿಜಾರು ಹಿಡಿದು 12 ಕಿಲೋಮೀಟರ್‌ನಷ್ಟು ಕೆಳಗಿಳಿದರೆ ಸಿದ್ರಾಪೊಂಗ್ ಸಿಗುತ್ತದೆ. ಪೇಟೆಗಿಂತ ಇದು ಹತ್ತಿರಹತ್ತಿರ 900 ಮೀಟರ್ ತಗ್ಗಿನಲ್ಲಿದೆ. 1897ರ ನವೆಂಬರ್ 10ರಂದು ಇಲ್ಲಿನ ಪುಟ್ಟ ಜಲವಿದ್ಯುತ್ ಕೇಂದ್ರವೊಂದು ಚಾಲೂ ಆಯಿತು. ಅದರ ಕರೆಂಟು ತಂತಿ ಹಿಡಿದು ಬೆಟ್ಟ ಹತ್ತಿ ಪೇಟೆಯ ದೀಪ ಬೆಳಗಿತು. ಭಾರತದ ಜಲವಿದ್ಯುತ್ ಚರಿತ್ರೆ ಶುರುವಾಗುವುದೇ ಈ ಕಣಿವೆಯಿಂದ. ಕೋಲ್ಕತ್ತಕ್ಕೆ ಕರೆಂಟು ಸರಬರಾಜು ಆರಂಭವಾದದ್ದು 1899ರಲ್ಲಿ, ಇದಾದ ಮೇಲೆ!

ಬಂಗಾಳದ ಗುಡ್ಡಗಾಡಿಗೆ ಈ ಭಾಗ್ಯ ಮೊದಲು ಸಿಕ್ಕಿದ್ದು ಯಾಕೆ? ಕೇಂದ್ರ ನಂಬಿದ್ದು ದೊಡ್ಡ ನದಿಯನ್ನೇನೂ ಅಲ್ಲ. ಬೆಟ್ಟದ ಸಣ್ಣಪುಟ್ಟ ಹಳ್ಳಗಳನ್ನು. ಅಲ್ಲಿನವರು ಅವನ್ನು ‘ಝೋರಾ’ ಅನ್ನುತ್ತಾರೆ. ನಮ್ಮ ‘ಝರಿ’ ನೆನಪಾಗುತ್ತದೆ, ಅಲ್ವಾ? ಇಂಥ ಕೆಲವು ಝೋರಾಗಳ ನೀರನ್ನು ತಿರುಗಿಸಿ ಕೇಂದ್ರಕ್ಕೆ ತಂದರು.

ಸಣ್ಣ ಹಳ್ಳ ಸಾಕಾಗುವುದರ ಗುಟ್ಟು ಲೆಕ್ಕದಲ್ಲಿದೆ. ನೀರಿನಿಂದ ಸಿಗುವ ಶಕ್ತಿಗೆ ಎರಡೇ ಬಂಡವಾಳ: ಎಷ್ಟು ನೀರು ಹರಿಯುತ್ತದೆ, ಎಷ್ಟು ಎತ್ತರದಿಂದ ಇಳಿಯುತ್ತದೆ. ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಹತ್ತು ಲೀಟರಿನ ಬಕೆಟ್ ಒಂದನ್ನು ಊಹಿಸಿಕೊಳ್ಳಿ. ಸೆಕೆಂಡಿಗೆ ಅಂಥ ಒಂದು ಬಕೆಟ್ ನೀರು 10 ಮೀಟರ್ ಇಳಿದರೆ ಸಿಗುವುದು ಸುಮಾರು 1 ಕಿಲೋವಾಟ್. ಅದೇ ಬಕೆಟ್ ನೀರು 100 ಮೀಟರ್ ಇಳಿದರೆ 10 ಕಿಲೋವಾಟ್. ಬಯಲಿನ ನದಿಗೆ ನೀರು ಜಾಸ್ತಿ, ಇಳಿಜಾರು ಕಮ್ಮಿ. ಬೆಟ್ಟದ ಹಳ್ಳಕ್ಕೆ ನೀರು ಕಮ್ಮಿಯಾದರೂ ಎತ್ತರ ಪುಕ್ಕಟೆ. ಆ ನೀರನ್ನು ಕೊಳವೆಯೊಳಗೆ ಇಳಿಸಿದರೆ ತಳದಲ್ಲಿ ಭಾರೀ ಒತ್ತಡ ಹುಟ್ಟುತ್ತದೆ. ಆ ಒತ್ತಡವೇ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಹೊರಬಂದ ನೀರಿನಲ್ಲಿ ಒಂದು ಹನಿಯೂ ಖರ್ಚಾಗಿರುವುದಿಲ್ಲ. ಅದು ಕಳೆದುಕೊಂಡದ್ದು ಎತ್ತರವನ್ನು ಮಾತ್ರ.

ಒಂದು ತೊಡಕಿದೆ. ಹಿಮಾಲಯದ ಈ ಭಾಗಕ್ಕೆ ಮಳೆ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚಳಿಗಾಲದಲ್ಲಿ ರಾತ್ರಿ ಉದ್ದ, ದೀಪ ಜಾಸ್ತಿ ಹೊತ್ತು ಉರಿಯಬೇಕು. ಹಳ್ಳಗಳು ಸೊರಗುವುದೂ ಆಗಲೇ. ಸಣ್ಣ ಹಳ್ಳವನ್ನು ನಂಬಿದ ಯಾವ ಕೇಂದ್ರಕ್ಕೂ ಈ ಕಷ್ಟ ತಪ್ಪಿದ್ದಲ್ಲ.

ಇನ್ನು ಯಂತ್ರಗಳ ವಿಷಯ. ಗುಂಥರ್ ಟರ್ಬೈನ್ ಎರಡು, ಅವಕ್ಕೆ ಜೋಡಿಸಿದ ಕ್ರಾಂಪ್ಟನ್-ಬ್ರಂಟನ್ ಆಲ್ಟರ್ನೇಟರ್ (ಕರೆಂಟು ಹುಟ್ಟಿಸುವ ಯಂತ್ರ) ಎರಡು. ಇವತ್ತು ಮನೆಯ ಫ್ಯಾನಿನ ಮೇಲೆ ಕಾಣುವ ಕ್ರಾಂಪ್ಟನ್ ಹೆಸರಿನ ಬೇರು ಅದೇ ಇಂಗ್ಲೆಂಡಿನ ಕ್ರಾಂಪ್ಟನ್. ಒಂದೊಂದು ಆಲ್ಟರ್ನೇಟರಿನ ಸಾಮರ್ಥ್ಯ 65 ಕಿಲೋವಾಟ್. ಈಗಿನ ಒಂದು ಸಣ್ಣ ಕಾರಿನ ಎಂಜಿನ್‌ಗೂ ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಇರುತ್ತದೆ. ಎರಡೂ ಸೇರಿದರೆ 130 ಕಿಲೋವಾಟ್. 2 ಕಿಲೋವಾಟಿನ ಗೀಸರ್ 65 ಹಚ್ಚಿದರೆ ಮುಗಿಯಿತು. ಆದರೆ ಆಗ ಗೀಸರ್ ಎಲ್ಲಿತ್ತು? ಬೇಕಾಗಿದ್ದದ್ದು ಬೆಳಕು. 60 ವಾಟಿನ ಲೆಕ್ಕ ಹಿಡಿದರೆ ಎರಡು ಸಾವಿರ ಬಲ್ಬಿಗೆ ಸಾಕು. ಬೆಟ್ಟದ ಪೇಟೆಗೆ ಅದೇನು ಸಣ್ಣ ಮಾತಲ್ಲ.

ಕರೆಂಟನ್ನು ಪೇಟೆಗೆ ಕಳಿಸಿದ್ದು 2,300 ವೋಲ್ಟಿನಲ್ಲಿ. ಇದೂ ಲೆಕ್ಕ ಹಾಕಿ ಮಾಡಿದ ಕೆಲಸ. 130 ಕಿಲೋವಾಟನ್ನು 230 ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ 565 ಆಂಪಿಯರ್ ಹರಿಯಬೇಕು. 2,300 ವೋಲ್ಟಿನಲ್ಲಿ ಕೇವಲ 57. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ವೋಲ್ಟು ಹತ್ತು ಪಟ್ಟಾದರೆ, ಅದೇ ತಂತಿಯಲ್ಲಿ ನಷ್ಟ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಖ್ಯೆ. ಇಲ್ಲಿನ ಕರೆಂಟು 83.3 ಹರ್ಟ್ಸಿನದಾಗಿತ್ತು, ಅಂದರೆ ಸೆಕೆಂಡಿಗೆ ಅಷ್ಟು ಸಲ ಹಿಂದೆಮುಂದೆ ಹರಿದು ಒಂದೊಂದು ಆವರ್ತ ಮುಗಿಸುತ್ತಿತ್ತು. ಈಗ ನಮ್ಮ ಮನೆಗೆ ಬರುವುದು 50 ಹರ್ಟ್ಸ್. ಆ 83.3 ಬಂದದ್ದಾದರೂ ಎಲ್ಲಿಂದ? 60ರಿಂದ ಗುಣಿಸಿ ನೋಡಿ. ನಿಮಿಷಕ್ಕೆ 5,000 ಆವರ್ತ! ಆಗ ಎಂಜಿನಿಯರುಗಳು ನಿಮಿಷದ ಲೆಕ್ಕದಲ್ಲೇ ಯೋಚಿಸುತ್ತಿದ್ದರು. ಅವರಿಗದು ದುಂಡು ಸಂಖ್ಯೆ. ಎಲ್ಲರಿಗೂ ಒಂದೇ ಹರ್ಟ್ಸ್ ಎಂಬ ಕಟ್ಟುಪಾಡು ಇನ್ನೂ ಹುಟ್ಟಿರಲಿಲ್ಲ.

ಐದು ವರ್ಷ ಬಿಟ್ಟು, 1902ರ ಜೂನ್‌ನಲ್ಲಿ ನಮ್ಮ ಶಿವನಸಮುದ್ರ ಚಾಲೂ ಆಯಿತು. ಅದು ಬೇರೆಯದೇ ಕಥೆ. ಅಲ್ಲಿ ಇಳಿದದ್ದು ಕಾವೇರಿ. ಕರೆಂಟು ಹೋಗಬೇಕಿದ್ದದ್ದು ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ. ಅದಕ್ಕೆ 35,000 ವೋಲ್ಟ್, 25 ಹರ್ಟ್ಸ್. ಹರ್ಟ್ಸ್ ಕಮ್ಮಿಯಿದ್ದರೆ ಉದ್ದದ ತಂತಿಗೆ ಹಗುರ, ಗಣಿಯ ದೊಡ್ಡ ಮೋಟಾರುಗಳಿಗೂ ಅನುಕೂಲ. ಆದರೆ 25 ಹರ್ಟ್ಸಿನಲ್ಲಿ ಬಲ್ಬು ಕಣ್ಣಿಗೆ ಗೊತ್ತಾಗುವಂತೆ ಮಿಣಕುತ್ತದೆ. 83ರಲ್ಲಿ ಹಾಗಾಗದು, ಬಲ್ಬಿನೊಳಗಿನ ಉರಿಯುವ ಎಳೆ ತಣಿಯುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ದೀಪಕ್ಕೆಂದು ಕಟ್ಟಿದ ಕೇಂದ್ರ ಯಾವುದು, ಮೋಟಾರಿಗೆಂದು ಕಟ್ಟಿದ್ದು ಯಾವುದು ಎನ್ನುವುದನ್ನು ಈ ಸಂಖ್ಯೆಗಳನ್ನು ನೋಡಿಯೇ ಹೇಳಬಹುದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿದ್ದೂ ಗಣಿಗೆಂದು ಹೊರಟ ಆ ಕಾವೇರಿ ಕರೆಂಟಿನಿಂದಲೇ.